ಒಂದೇ ಕೀಲಿ, ಎರಡು ಕೆಲಸ

‘ನುಡಿ’ಯಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆಲ್ಲ ಈ ಫಜೀತಿ ಗೊತ್ತು. ತೆರೆಯ ಕಡೆ ನೋಡದೆ ಅರ್ಧ ಸಾಲು ಟೈಪ್ ಮಾಡಿ ತಲೆ ಎತ್ತಿದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು! ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಡಿ’ ಕೀಲಿ ಒತ್ತಿದರೆ ‘ದ’ ಮೂಡುತ್ತದೆ. ಇಂಗ್ಲಿಷಿಗೆ ಬದಲಿಸಿದರೆ ಅದೇ ಕೀಲಿ ‘ಡಿ’ ಆಗುತ್ತದೆ. ಕೀಲಿ ಒಂದೇ. ಕಂಪ್ಯೂಟರ್ ಆಗ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಫಲ ಬೇರೆ. ತಂತ್ರಜ್ಞರು ಇದನ್ನೇ ‘ಮೋಡ್’ ಎನ್ನುತ್ತಾರೆ.

ದಾವಣಗೆರೆಯ ಶಾಮನೂರು ರಸ್ತೆಯಲ್ಲಿ 1979ರಿಂದ ಇರುವ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿರಲಿ, ಬೇರೆ ಊರಿನದಿರಲಿ, ಕಂಪ್ಯೂಟರ್ ಸೈನ್ಸ್ ಓದುವವರು ಯುನಿಕ್ಸ್ ಅಥವಾ ಲಿನಕ್ಸ್ ಎದುರು ಕೂರಲೇಬೇಕು. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಐದನೇ ಸೆಮಿಸ್ಟರಿಗೆ ‘ಯುನಿಕ್ಸ್ ಪ್ರೋಗ್ರಾಮಿಂಗ್’ ಎಂಬ ವಿಷಯವೇ ಇತ್ತು. ಅಲ್ಲಿ ಮಾತುಕತೆ ‘ಶೆಲ್’ ಜೊತೆ. ಆದೇಶವನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ನಡೆಯುತ್ತದೆ.

ಬಂದದ್ದು ಎಲ್ಲಿಂದ?

1976ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ‘ವಿಐ’ ಎಂಬ ಸಂಪಾದಕವನ್ನು ಬರೆದರು. ಅವರು ಬಳಸಿದ ‘ಎಡಿಎಂ-3ಎ’ ಟರ್ಮಿನಲ್ಲಿಗೆ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣ ಮುದ್ರಿಸಲಾಗಿತ್ತು. ‘ವಿಐ’ಯಲ್ಲಿ ಬರೆಯುವ ಸ್ಥಿತಿ ಒಂದು, ತಿದ್ದುವ ಸ್ಥಿತಿ ಇನ್ನೊಂದು. ಎಸ್ಕೇಪ್ ಒತ್ತಿ ತಿದ್ದುವ ಸ್ಥಿತಿಗೆ ಹೋದರೆ ಅಕ್ಷರದ ಕೀಲಿಗಳೇ ಆಜ್ಞೆಗಳು: ‘ಡಿ’ ಎರಡು ಬಾರಿ ಒತ್ತಿದರೆ ಸಾಲೇ ಮಾಯ! 1980ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ಅವರ ಶೆಲ್ ಈ ಪದ್ಧತಿಯನ್ನು ಆದೇಶದ ಸಾಲಿಗೂ ತಂದಿತು. ಇಂದಿನ ‘ಬ್ಯಾಷ್’ನಲ್ಲಿಯೂ ಅದಿದೆ, ಬೇಕೆಂದವರು ‘ಸೆಟ್ -ಓ ವಿಐ’ ಎಂದು ಕೇಳಿ ಪಡೆಯಬೇಕು.

ಹೇಗಿರಬೇಕು?

ಸಂಪಾದಕದಲ್ಲಿ ಎಡವಿದರೆ ಕಡತವನ್ನು ಉಳಿಸದೆ ಹೊರಬರಬಹುದು. ಶೆಲ್ ಹಾಗಲ್ಲ. ಎಂಟರ್ ಒತ್ತಿದರೆ ಬಿಟ್ಟ ಬಾಣ. ತಿದ್ದುವ ಸ್ಥಿತಿಯಲ್ಲಿ ‘ಕೆ’ ಒತ್ತಿದರೆ ಹಿಂದಿನ ಆದೇಶ ಮರಳಿ ಬರುತ್ತದೆ. ಅದು ಕಡತ ಅಳಿಸುವ ಆದೇಶವಾಗಿದ್ದು, ನೋಡದೆ ಎಂಟರ್ ಒತ್ತಿದರೆ ವಾರದ ಪ್ರಾಜೆಕ್ಟ್ ಕೆಲಸ ಹೋದಂತೆಯೇ. ಅಳಿಸಿದ್ದನ್ನು ಹೆಕ್ಕಿ ತರಲು ಅಲ್ಲಿ ಕಸದ ಬುಟ್ಟಿಯೂ ಇಲ್ಲ.

ಆದ್ದರಿಂದ ಪ್ರತಿ ಹೊಸ ಸಾಲೂ ಬರೆಯುವ ಸ್ಥಿತಿಯಲ್ಲೇ ತೆರೆದುಕೊಳ್ಳಬೇಕು. ಬ್ಯಾಷ್ ಇದನ್ನು ಪಾಲಿಸುತ್ತದೆ. ಎರಡನೆಯದಾಗಿ, ಈಗ ಯಾವ ಸ್ಥಿತಿ ಎಂಬುದು ಕಣ್ಣೆದುರೇ ಕಾಣಬೇಕು. ಬ್ಯಾಷ್‌ನಲ್ಲಿ ಈ ಸೌಲಭ್ಯ 2014ರಲ್ಲಿ ಬಂತು, ಆದರೆ ತಾನಾಗಿ ಚಾಲೂ ಆಗುವುದಿಲ್ಲ. ‘ಇನ್‌ಪುಟ್‌ಆರ್‌ಸಿ’ ಕಡತದಲ್ಲಿ ಬರೆದುಕೊಳ್ಳಬೇಕು.

ಮೂರನೆಯದು ಎಸ್ಕೇಪ್ ಕೀಲಿಯ ಸಮಸ್ಯೆ. ಬಾಣದ ಕೀಲಿಗಳು ಕಳಿಸುವ ಸಂಕೇತವೂ ಎಸ್ಕೇಪ್‌ನಿಂದಲೇ ಶುರುವಾಗುತ್ತದೆ. ಮುಂದೆ ಇನ್ನೇನಾದರೂ ಬರುವುದೇ ಎಂದು ಕಂಪ್ಯೂಟರ್ ಅರ್ಧ ಸೆಕೆಂಡ್ ಕಾಯುತ್ತದೆ. ವೇಗದ ಬೆರಳಿಗೆ ಅದೂ ದೀರ್ಘವೇ; ಈ ಅವಧಿಯನ್ನು ಕಡಿಮೆ ಮಾಡಿಕೊಳ್ಳಬಹುದು.

ಕೊನೆಯದು ‘ವಿ’ ಕೀಲಿ. ತಿದ್ದುವ ಸ್ಥಿತಿಯಲ್ಲಿ ಇದನ್ನು ಒತ್ತಿದರೆ ಸಾಲು ಪೂರ್ಣ ಸಂಪಾದಕದಲ್ಲಿ ತೆರೆಯುತ್ತದೆ. ಹೊರಬಂದೊಡನೆ ಆದೇಶ ಜಾರಿಯಾಗುತ್ತದೆ. ಉಳಿಸದೆ ಬಂದರೆ ಹಳೆಯ ಸಾಲೇ ಜಾರಿಯಾದೀತು! ಬೇಡವಾದರೆ ಸಾಲನ್ನು ಪೂರ್ತಿ ಅಳಿಸಿ, ಉಳಿಸಿ, ಆಮೇಲೆ ಹೊರಬರಬೇಕು.

ಕಲಿಯಬೇಕೆ?

ಮೋಡ್‌ಗಳೇ ಬೇಡ ಎಂದು ಜೀವನವಿಡೀ ವಾದಿಸಿದವರೂ ಇದ್ದಾರೆ. ಕಟ್ ಮತ್ತು ಪೇಸ್ಟ್‌ಗೆ ಹೆಸರಾದ, 2020ರಲ್ಲಿ ತೀರಿಕೊಂಡ ಲ್ಯಾರಿ ಟೆಸ್ಲರ್ ಅವರ ಕಾರಿನ ನಂಬರ್ ಪ್ಲೇಟಿನಲ್ಲೇ ‘ನೋ ಮೋಡ್ಸ್’ ಎಂದಿತ್ತು. ಆದರೂ ಬೆರಳು ಪಳಗಿದವರಿಗೆ ಈ ಪದ್ಧತಿ ಸಮಯ ಉಳಿಸುತ್ತದೆ. ವಿದ್ಯಾರ್ಥಿಗಳು ಬೇರೊಂದು ಫೋಲ್ಡರಿನಲ್ಲಿ, ಕಳೆದುಹೋದರೂ ಚಿಂತೆಯಿಲ್ಲದ ಕಡತಗಳ ಮೇಲೆ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಲಿ. ಪಾಲಕರು ಹೇಳಿಕೊಡಬೇಕಾದ ಮಾತು ಹಳೆಯದೇ: ಎಂಟರ್ ಒತ್ತುವ ಮೊದಲು ಸಾಲನ್ನು ಒಮ್ಮೆ ಓದು.