ಕಬ್ಬನ್ ಉದ್ಯಾನದ ಕೆಂಪು ಕಟ್ಟಡ: ತೆರಿಗೆದಾರರ ಓದುಮನೆ

ಬೆಂಗಳೂರಿನ ಅಠಾರ ಕಚೇರಿಯ ಹಿಂಬದಿಗೆ ಹರಡಿಕೊಂಡಿರುವ ಕಬ್ಬನ್ ಉದ್ಯಾನದಲ್ಲಿ, ಗುಲಾಬಿ ತೋಟವನ್ನು ಮುಂದಿಟ್ಟುಕೊಂಡು ನಿಂತಿರುವ ಕೆಂಪು ಬಣ್ಣದ ಕಟ್ಟಡ ನಗರದ ಅತಿ ಪರಿಚಿತ ದೃಶ್ಯಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೆಂದು ಹೆಸರಾದ ಈ ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯ ಶಿಖರಸ್ಥಾನದಲ್ಲಿರುವ ಸಂಸ್ಥೆ. ಇದರ ಮಹತ್ವವನ್ನು ಕಟ್ಟಡದ ಚೆಲುವಿನಿಂದಲೋ ಪುಸ್ತಕಗಳ ಸಂಖ್ಯೆಯಿಂದಲೋ ಅಳೆಯುವುದು ವಾಡಿಕೆಯಾದರೂ, ಆರು ದಶಕಗಳ ಹಿಂದೆ ಒಂದು ಕಾಯ್ದೆಯ ಮೂಲಕ ಓದು ದಾನಿಗಳ ಔದಾರ್ಯದಿಂದ ಬಿಡುಗಡೆಗೊಂಡು ಜನರ ಹಕ್ಕಾಗಿ ಮಾರ್ಪಟ್ಟಿತೆಂಬ ಸಂಗತಿಯೇ ಇಲ್ಲಿ ಮುಖ್ಯವಾದುದು.

1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಅವಧಿಯಲ್ಲಿಯೇ ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರು ತರುವ ಯೋಜನೆ ರೂಪುಗೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಜಲವಿದ್ಯುತ್ತಿನ ಹಿಂದೆಯೂ ಅವರ ಒತ್ತಾಸೆಯಿತ್ತು. ಅವರ ನೆನಪಿಗಾಗಿ ಉದ್ಯಾನದಲ್ಲಿ ನಿಲ್ಲಿಸಿದ ಪ್ರತಿಮೆಯನ್ನು 1913ರಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು. ಪ್ರತಿಮೆಯ ಹಿಂದಿನ ಭವನ 1915ರ ಹೊತ್ತಿಗೆ ಎದ್ದುನಿಂತಿತು. ಟಸ್ಕನ್ ಮತ್ತು ಕೊರಿಂಥಿಯನ್ ಶೈಲಿಯ, ಅಂದರೆ ಪ್ರಾಚೀನ ರೋಮ್ ಹಾಗೂ ಗ್ರೀಸ್‌ಗಳ ಮಾದರಿಯ ಕಂಬಗಳನ್ನುಳ್ಳ ಈ ಕಟ್ಟಡ, ಅಂದಿನ ಬೆಂಗಳೂರು ಸಾರ್ವಜನಿಕ ಕಟ್ಟಡಗಳಿಗೆ ಒಪ್ಪಿಕೊಂಡಿದ್ದ ಯುರೋಪಿಯನ್ ಅಭಿರುಚಿಗೆ ಒಂದು ನಿದರ್ಶನ.

ಇದೇ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ನಡುವೆ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. ಬರೋಡಾದ ಸಯಾಜಿರಾವ್ ಗಾಯಕ್ವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿಕೊಂಡು ತಮ್ಮ ಸಂಸ್ಥಾನದಲ್ಲಿ ಗ್ರಂಥಾಲಯಗಳ ಜಾಲವನ್ನೇ ಕಟ್ಟಲು ತೊಡಗಿದ್ದ ದಿನಗಳವು; ಜನರಿಗೆ ಅಕ್ಷರ ಕಲಿಸಿದರೆ ಸಾಲದು, ಕಲಿತ ಅಕ್ಷರ ಮರೆಯದಂತೆ ಪುಸ್ತಕವನ್ನೂ ಒದಗಿಸಬೇಕೆಂಬ ವಿಚಾರ ಪ್ರಗತಿಪರ ಸಂಸ್ಥಾನಗಳಲ್ಲಿ ಬೇರೂರುತ್ತಿತ್ತು. ಮುಂದೆ ಸ್ಮಾರಕ ಭವನವೇ ಬೆಂಗಳೂರಿನ ಗ್ರಂಥಾಲಯದ ನೆಲೆಯಾಯಿತು. ಆದರೂ ಆಳುವವರ ಆಸಕ್ತಿಯನ್ನು ಅವಲಂಬಿಸಿದ ಸಂಸ್ಥೆಗೆ ಆಸಕ್ತಿ ಕುಂದಿದಾಗ ಆಧಾರವಿರುವುದಿಲ್ಲ. ಗ್ರಂಥಾಲಯಕ್ಕೆ ನಿಶ್ಚಿತ ಆದಾಯವೂ ಕಾನೂನಿನ ಬೆಂಬಲವೂ ಬೇಕೆಂಬ ವಾದ ಹುಟ್ಟಿದ್ದು ಈ ಕೊರತೆಯಿಂದಲೇ.

ಭಾರತದಲ್ಲಿ ಆ ವಾದವನ್ನು ಅತ್ಯಂತ ಶಾಸ್ತ್ರೀಯವಾಗಿ ಮಂಡಿಸಿದವರು ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿ ಹೆಸರು ಮಾಡಿದ ಅವರು, ಬದುಕಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ನಿಧನರಾದರು. ಮದ್ರಾಸ್, ಹೈದರಾಬಾದ್, ಆಂಧ್ರಪ್ರದೇಶಗಳ ನಂತರ ಗ್ರಂಥಾಲಯ ಕಾಯ್ದೆಯನ್ನು ಅಂಗೀಕರಿಸಿದ ರಾಜ್ಯ ಅಂದಿನ ಮೈಸೂರು. 1965ರ ಈ ಕಾಯ್ದೆಯ ಫಲವಾಗಿ 1966ರಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆಂದೇ ಪ್ರತ್ಯೇಕ ಇಲಾಖೆ ರಚನೆಯಾಗಿ, ಕಬ್ಬನ್ ಉದ್ಯಾನದ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯದ ಸ್ಥಾನ ಪಡೆಯಿತು. ನಗರ ಮತ್ತು ಜಿಲ್ಲಾ ಮಟ್ಟದಲ್ಲಿ ಗ್ರಂಥಾಲಯ ಪ್ರಾಧಿಕಾರಗಳು, ಅಂದರೆ ಗ್ರಂಥಾಲಯಗಳ ಆಡಳಿತ ಮತ್ತು ಹಣಕಾಸನ್ನು ನೋಡಿಕೊಳ್ಳುವ ಶಾಸನಬದ್ಧ ಮಂಡಳಿಗಳು, ಅಸ್ತಿತ್ವಕ್ಕೆ ಬಂದವು.

ಕಾಯ್ದೆಯ ಜೀವಾಳವಿರುವುದು ಗ್ರಂಥಾಲಯ ಕರದಲ್ಲಿ. ಕರವೆಂದರೆ ಇಲ್ಲಿ ನಿರ್ದಿಷ್ಟ ಉದ್ದೇಶಕ್ಕಾಗಿ ಮೂಲ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ವಿಧಿಸುವ ಮೊತ್ತ, ಅಂದರೆ ಸೆಸ್. ನಗರವಾಸಿಗಳು ಕಟ್ಟುವ ಆಸ್ತಿ ತೆರಿಗೆಯೊಂದಿಗೆ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಯಲ್ಲಿ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ; ಮೂಲ ತೆರಿಗೆ 5,000 ರೂಪಾಯಿಯಾದರೆ ಅದರ ಮೇಲೆ 300 ರೂಪಾಯಿ ಗ್ರಂಥಾಲಯದ ಪಾಲು. ಬಾಡಿಗೆದಾರನೂ ಮನೆಯೊಡೆಯನ ಮೂಲಕ ಪರೋಕ್ಷವಾಗಿ ಈ ಹೊರೆಯಲ್ಲಿ ಭಾಗಿಯಾಗಿರುವುದರಿಂದ, ಗ್ರಂಥಾಲಯದೊಳಗೆ ಬಂದು ಕುಳಿತ ಯಾವ ಓದುಗನೂ ಅಲ್ಲಿ ಅತಿಥಿಯಲ್ಲ. ಒಳಗೆ ಕೂತು ಓದುವುದಕ್ಕೆ ಶುಲ್ಕವಿಲ್ಲದಿರುವುದನ್ನು ಸರ್ಕಾರದ ಉಪಕಾರವೆಂದು ಭಾವಿಸುವವರು ಅದರ ಬೆಲೆ ಮುಂಗಡವಾಗಿಯೇ ಸಂದಾಯವಾಗಿದೆ ಎಂಬುದನ್ನು ಗಮನಿಸುವುದಿಲ್ಲ.

ಸೇವೆಗಳ ಪೈಕಿ ಅತ್ಯಂತ ಸರಳವೂ ಅತ್ಯಂತ ಜನಪ್ರಿಯವೂ ಆದುದು ಪತ್ರಿಕೆಗಳ ವಾಚನಾಲಯ. ಮನೆಗೆ ಒಂದು ಪತ್ರಿಕೆ ತರಿಸುವವನೂ ಒಂದೇ ಸುದ್ದಿಯನ್ನು ನಾಲ್ಕು ಪತ್ರಿಕೆಗಳು ಹೇಗೆ ಬರೆದಿವೆಯೆಂದು ಹೋಲಿಸಿ ನೋಡಬಹುದಾದ ಜಾಗವದು. ಸೋಮವಾರ ವಾರದ ರಜೆಯಿಟ್ಟು ಭಾನುವಾರ ಬಾಗಿಲು ತೆರೆದಿರುವ ಸಾರ್ವಜನಿಕ ಗ್ರಂಥಾಲಯಗಳ ಪದ್ಧತಿಯ ಹಿಂದೆ, ದುಡಿಯುವ ಜನರಿಗೆ ಬಿಡುವಿರುವ ದಿನವೇ ಓದಿನ ದಿನವಾಗಬೇಕೆಂಬ ವಿವೇಕವಿದೆ. ನಿವೃತ್ತರು ಪತ್ರಿಕೆ, ನಿಯತಕಾಲಿಕಗಳ ಮೇಜಿನ ಸುತ್ತ ಸೇರಿದರೆ, ಕೆಎಎಸ್, ಎಫ್‌ಡಿಎ, ಪಿಎಸ್‌ಐ ಮೊದಲಾದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ಯುವಜನರು ಮಾರ್ಗದರ್ಶಿ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಉದ್ಯೋಗ ಸುದ್ದಿಗಳನ್ನು ಹರಡಿಕೊಂಡು ದಿನವಿಡೀ ಕೂರುತ್ತಾರೆ. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಮೂರ್ನಾಲ್ಕು ಮಂದಿಯ ಜೊತೆ ಇರುವ ಹಳ್ಳಿಯ ಅಭ್ಯರ್ಥಿಗೆ ಪುಸ್ತಕದಷ್ಟೇ ಅಗತ್ಯವಾದುದು ಒಂದು ಕುರ್ಚಿ, ಒಂದು ದೀಪ ಮತ್ತು ಸದ್ದಿಲ್ಲದ ಆರೇಳು ಗಂಟೆ. ತಂದ ಪುಸ್ತಕವನ್ನಷ್ಟೇ ಓದುವ ಇಂಥವರಿಂದ ಗ್ರಂಥಾಲಯ ಬರಿಯ ಓದುಕೋಣೆಯಾಗುತ್ತಿದೆಯೆಂಬ ಆಕ್ಷೇಪವಿದ್ದರೂ, ಕೋಚಿಂಗ್ ಕೇಂದ್ರದ ಶುಲ್ಕ ತೆರಲಾಗದವನಿಗೆ ಸಮಾನ ಅವಕಾಶ ಕಲ್ಪಿಸುವುದೂ ಸಾರ್ವಜನಿಕ ಗ್ರಂಥಾಲಯದ ಹೊಣೆಗೆ ಹೊರತಾದುದಲ್ಲ.

ಪರಾಮರ್ಶನ ವಿಭಾಗದ ಸ್ವರೂಪ ಬೇರೆ. ಮೊದಲಿನಿಂದ ಕೊನೆಯವರೆಗೆ ಓದದೆ ಬೇಕಾದ ವಿಷಯವನ್ನಷ್ಟೇ ಹುಡುಕಿ ನೋಡುವ ನಿಘಂಟು, ವಿಶ್ವಕೋಶ, ಗೆಜೆಟಿಯರ್, ಶಾಸನ ಸಂಪುಟಗಳನ್ನು ಪರಾಮರ್ಶನ ಗ್ರಂಥಗಳೆನ್ನುತ್ತಾರೆ. ಇವನ್ನು ಹೊರಗೆ ಕೊಡುವ ರೂಢಿಯಿಲ್ಲ. 1894ರ ಕಿಟ್ಟೆಲ್ ನಿಘಂಟು, ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಈ ವರ್ಗಕ್ಕೆ ಸೇರಿದವು. ತನ್ನ ಊರಿನ ದೇವಸ್ಥಾನದ ಕಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿಯಬಯಸುವ ಸಾಮಾನ್ಯ ಓದುಗ ಇಡೀ ಸಂಪುಟಮಾಲೆಯನ್ನು ಕೊಳ್ಳಲಾರ. ಅವನಿಗೆ ಬೇಕಾದ್ದು ಒಂದೇ ಪುಟ, ಆ ಪುಟ ಗ್ರಂಥಾಲಯದಲ್ಲಿ ಸಿಕ್ಕರೆ ಸಾಕು.

ಬೇಕಾದ ಪುಸ್ತಕ ಬೇಗ ಸಿಗುವುದಕ್ಕೆ ವರ್ಗೀಕರಣ ಬೇಕು. ಹಲವಾರು ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗವನ್ನೂ ಮತ್ತೆ ಹತ್ತಾಗಿ ಒಡೆಯುತ್ತ ಹೋಗುತ್ತಾರೆ. ಅದರಂತೆ ಸಾಹಿತ್ಯಕ್ಕೆ 800, ದ್ರಾವಿಡ ಭಾಷೆಗಳ ಸಾಹಿತ್ಯಕ್ಕೆ 894.8, ಕನ್ನಡ ಸಾಹಿತ್ಯಕ್ಕೆ 894.814. ಪುಸ್ತಕದ ಬೆನ್ನಿಗೆ ಅಂಟಿಸಿದ ಸಣ್ಣ ಚೀಟಿಯ ಈ ಅಂಕಿಯನ್ನು ಓದಲು ಕಲಿತವನಿಗೆ ಸಾವಿರಾರು ಪುಸ್ತಕಗಳ ನಡುವೆಯೂ ದಾರಿ ತಪ್ಪುವುದಿಲ್ಲ, ಕುವೆಂಪು ಅವರ ಕಾದಂಬರಿಗಾಗಿ ಹೋದವನ ಕೈಗೆ ಅದೇ ಸಾಲಿನಲ್ಲಿ ಹೆಸರೇ ಕೇಳಿರದ ಲೇಖಕನೊಬ್ಬ ಸಿಗುವುದೂ ಉಂಟು. ಅಡ್ಡಾದಿಡ್ಡಿ ಜೋಡಿಸಿದ ಕಪಾಟಿನಲ್ಲಿ ಪುಸ್ತಕವಿದ್ದೂ ಇಲ್ಲದಂತೆ.

ಕಣ್ಣಿನಿಂದ ಓದಲಾಗದವರಿಗೂ ಈ ಗ್ರಂಥಾಲಯ ಬಾಗಿಲು ತೆರೆದಿದೆ. ಆರು ಉಬ್ಬುಚುಕ್ಕಿಗಳ ವಿವಿಧ ಜೋಡಣೆಯಿಂದ ಅಕ್ಷರಗಳನ್ನು ಸೂಚಿಸುವ, ಬೆರಳ ತುದಿಯಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯ ಪುಸ್ತಕಗಳಿಗೆ ಇಲ್ಲಿ ಪ್ರತ್ಯೇಕ ವಿಭಾಗವಿದೆ. ದಪ್ಪ ಕಾಗದದ ಮೇಲೆ ಮುದ್ರಣಗೊಳ್ಳುವ ಬ್ರೈಲ್‌ನಲ್ಲಿ ಸಾಧಾರಣ ಗಾತ್ರದ ಕೃತಿಯೂ ಹಲವು ಸಂಪುಟಗಳಾಗಿ ಹಿಗ್ಗುವುದರಿಂದ ಅವನ್ನು ಮನೆಯಲ್ಲಿ ಸಂಗ್ರಹಿಸುವುದು ಕಷ್ಟಸಾಧ್ಯ. ಅಂಧ ಓದುಗರಿಗೆ ಸಾರ್ವಜನಿಕ ಸಂಗ್ರಹದ ಅಗತ್ಯ ಉಳಿದವರಿಗಿಂತ ಹೆಚ್ಚು. ಮಕ್ಕಳಿಗಾಗಿ ಇದೇ ಉದ್ಯಾನದಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದ್ದು, ಆಟಕ್ಕೆಂದು ಬಂದ ಮಗು ಪುಸ್ತಕದತ್ತ ಹೊರಳುವುದಕ್ಕೆ ಅನುಕೂಲವಾದ ನೆರೆಹೊರೆಯನ್ನೇ ಅದು ಪಡೆದಿದೆ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ರಾಜ್ಯದ ಗ್ರಂಥಾಲಯಗಳು ಪುಸ್ತಕ ಪ್ರದರ್ಶನ, ಉಪನ್ಯಾಸ, ಮಕ್ಕಳ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ರಂಗನಾಥನ್ ಅವರ ನೆನಪಿನಲ್ಲಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನಾಚರಣೆಯಿರುತ್ತದೆ.

ಓದುಗರ ಕಣ್ಣಿಗೆ ಬೀಳದ, ಆದರೆ ಕನ್ನಡದ ಭವಿಷ್ಯಕ್ಕೆ ಅತ್ಯಂತ ಮುಖ್ಯವಾದ ಕೆಲಸ ಕೃತಿಸ್ವಾಮ್ಯ ವಿಭಾಗದ್ದು. 1954ರ ಕೇಂದ್ರ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಗಳು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಗಳ ನಾಲ್ಕು ಗ್ರಂಥಾಲಯಗಳಿಗೆ ಸಲ್ಲಬೇಕು. ಈ ನಾಲ್ಕರಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಹೀಗಿರುವಾಗ ರಾಜ್ಯದ ಪ್ರಕಾಶಕರು ತಮ್ಮ ಹೊಸ ಪುಸ್ತಕಗಳ ಪ್ರತಿಗಳನ್ನು ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಸಲ್ಲಿಸಿ ನೋಂದಾಯಿಸಿಕೊಳ್ಳುವ ಪದ್ಧತಿಯಿಂದಲೇ, ಕನ್ನಡದ ಪ್ರಕಟಣೆಗಳು ಕನ್ನಡ ನಾಡಿನಲ್ಲಿಯೇ ಒಂದೆಡೆ ಉಳಿಯುವ ಏರ್ಪಾಡು ಸಾಧ್ಯವಾಗಿದೆ. ಈ ನೋಂದಣಿಗೆ ಇಲಾಖೆಯ ಸಗಟು ಖರೀದಿ ಯೋಜನೆಯೂ ತಳಕು ಹಾಕಿಕೊಂಡಿದೆ: ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಇಲಾಖೆ ಒಟ್ಟಿಗೆ ಕೊಂಡು ಜಿಲ್ಲೆಗಳಿಗೆ ಹಂಚುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸುವುದಕ್ಕೇ ಹಿಂದೆಮುಂದೆ ನೋಡುವ ಕನ್ನಡದ ಸಣ್ಣ ಪ್ರಕಾಶಕರಿಗೆ ಇದು ದೊಡ್ಡ ಆಸರೆ. ಖರೀದಿ ತಡವಾದ ವರ್ಷಗಳಲ್ಲಿ ಪ್ರಕಾಶನ ಲೋಕದಲ್ಲಿ ಅಸಮಾಧಾನ ಏಳುವುದಕ್ಕೂ ಇದೇ ಕಾರಣ.

ಕಬ್ಬನ್ ಉದ್ಯಾನದವರೆಗೆ ಬರಲಾಗದವರಿಗೆ ಶಾಖೆಗಳಿವೆ. ನಗರ ಕೇಂದ್ರ ಗ್ರಂಥಾಲಯಗಳ ಬಡಾವಣೆ ಶಾಖೆಗಳಲ್ಲಿ ಹಿಂದಿರುಗಿಸುವ ಠೇವಣಿಯಿಟ್ಟು ಸದಸ್ಯರಾದವರು ಪುಸ್ತಕವನ್ನು ಮನೆಗೆ ಎರವಲು ಪಡೆಯಬಹುದು. 2020ರಲ್ಲಿ ಆರಂಭವಾದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡವರು ಮೊಬೈಲಿನಲ್ಲಿಯೇ ಪುಸ್ತಕ ತೆರೆಯಬಹುದು. ಐದು ಸಾವಿರಕ್ಕೂ ಹೆಚ್ಚಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಿತು. ಆಡಳಿತ ಬೇರೆಯಾದರೂ ಈ ಕೇಂದ್ರಗಳ ಬೇರಿರುವುದು 1965ರ ಕಾಯ್ದೆ ಹರಡಿದ ವ್ಯವಸ್ಥೆಯಲ್ಲಿಯೇ.

ಇಷ್ಟೆಲ್ಲ ಏರ್ಪಾಡಿನ ನಡುವೆಯೂ ಕುಂದುಗಳಿಲ್ಲದೆ ಇಲ್ಲ. ಸ್ಥಳೀಯ ಸಂಸ್ಥೆಗಳು ಜನರಿಂದ ಸಂಗ್ರಹಿಸಿದ ಗ್ರಂಥಾಲಯ ಕರ ಗ್ರಂಥಾಲಯಗಳಿಗೆ ಪೂರ್ಣವಾಗಿ ತಲುಪದೆ ಬಾಕಿ ಉಳಿಯುವುದು ಹಳೆಯ ದೂರು. ಕರ ತಲುಪದಿದ್ದರೆ ಹೊಸ ಪುಸ್ತಕವೂ ಇಲ್ಲ, ಪತ್ರಿಕೆಯೂ ಇಲ್ಲ, ಖಾಲಿ ಹುದ್ದೆಗೆ ಸಿಬ್ಬಂದಿಯೂ ಇಲ್ಲ. ಕಟ್ಟಡಕ್ಕೆ ಬಣ್ಣ ಬಳಿಯುವುದಕ್ಕೆ ತೋರುವ ಉತ್ಸಾಹ ಕಪಾಟು ತುಂಬಿಸುವುದರಲ್ಲಿಯೂ ಇರಬೇಕಾದರೆ, ಕೇಳುವವರು ಬೇಕು. ಕರ ಕಟ್ಟಿದ ನಾಗರಿಕ ತನ್ನ ಬಡಾವಣೆಯ ಶಾಖೆಯಲ್ಲಿ ಸದಸ್ಯನಾಗಿ, ಬೇಕಾದ ಪುಸ್ತಕ ಇಲ್ಲದಿದ್ದಾಗ ಅದರ ಹೆಸರನ್ನು ಗ್ರಂಥಪಾಲಕರಿಗೆ ಬರೆದುಕೊಟ್ಟು, ಮುಂದಿನ ತಿಂಗಳು ಅದು ಬಂತೇ ಎಂದು ವಿಚಾರಿಸುವಷ್ಟು ಆಸ್ಥೆ ತೋರಿದರೆ, ಕಾಯ್ದೆಯಲ್ಲಿ ಬರೆದಿಟ್ಟ ಹಕ್ಕು ಕಪಾಟಿನಲ್ಲಿ ಪುಸ್ತಕವಾಗಿ ಕಾಣಿಸಿಕೊಳ್ಳುತ್ತದೆ.