ಚೆನ್ನೆಮಣೆಯ ಲೆಕ್ಕ

ದಿನಕ್ಕೊಂದರಂತೆ ಸಂಖ್ಯೆಗಳ ಒಗಟನ್ನು ಮೊಬೈಲಿನಲ್ಲಿ ಬಿಡಿಸುವ ಅಭ್ಯಾಸ ಈಗ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಬೇಗನೆ ಬಿಡಿಸಿದವನಿಗೆ ಅಲ್ಲಿ 100 ಅಂಕ ದೊರೆತರೆ, ಆ ನೂರು ಇನ್ನೊಬ್ಬನ ಗಂಟಿನಿಂದ ಬಂದುದಲ್ಲ. ಒಗಟನ್ನು ಕಟ್ಟಿದವನು ಕೊಡಬೇಕೆಂದುಕೊಂಡ, ಕೊಟ್ಟ. ನಾಳೆ ಅವನು 200 ಕೊಟ್ಟರೂ ಕೇಳುವವರಿಲ್ಲ. ಕಡಬ ತಾಲೂಕಿನ ಕೊಯಿಲವೂ ಸೇರಿದ ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಯ ದಿನಗಳಿಗೆ ಹೇಳಿಸಿದ ಆಟ ಚೆನ್ನೆಮಣೆ. ಅದರ ಗಳಿಕೆಯ ಲೆಕ್ಕ ತೀರ ಬೇರೆ ಬಗೆಯದು.

ಚೆನ್ನೆಮಣೆಯೆಂದರೆ ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳನ್ನು ಕೊರೆದ ಮರದ ಮಣೆ. ಒಂದೊಂದು ಸಾಲು ಒಬ್ಬೊಬ್ಬರದು. ಪ್ರತಿ ಗುಳಿಯಲ್ಲಿ ನಾಲ್ಕು ಕಾಯಿ; ಒಟ್ಟು 56. ಕೆಂಪಗೆ ಹೊಳೆಯುವ ಮಂಜೊಟ್ಟಿಯ ಬೀಜಗಳೇ ಈ ಕಾಯಿಗಳು; ಇಲ್ಲವಾದರೆ ಹುಣಸೆಯ ಬೀಜಗಳಾದರೂ ಆದೀತು. (ಮಂಜೊಟ್ಟಿಯ ಬೀಜಗಳ ತೂಕದಲ್ಲಿ ಹೆಚ್ಚು ವ್ಯತ್ಯಾಸವಿರದ ಕಾರಣ ಅಕ್ಕಸಾಲಿಗರು ಹಿಂದೆ ಅವನ್ನು ತೂಕದ ಬೊಟ್ಟಾಗಿ ಬಳಸುತ್ತಿದ್ದರು. ನಾಲ್ಕು ಬೀಜಗಳಿಗೆ ಸುಮಾರು ಒಂದು ಗ್ರಾಂ. ಗೆದ್ದ ಕಾಯಿಗಳನ್ನು ಎಣಿಸಲು ಬೇಸರವಾದವರು ತಕ್ಕಡಿಯಲ್ಲಿ ತೂಗಿಯೂ ನೋಡಬಹುದು!)

ನಿಯಮಗಳು ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುವುವು. ನಾವು ಇಲ್ಲಿ ಸರಳವಾದ ಒಂದು ಕ್ರಮವನ್ನು ಮಾತ್ರ ಹಿಡಿಯುವೆವು. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದರಂತೆ ಸುತ್ತಲೂ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಾಕಬೇಕು. ಆ ಮುಂದಿನ ಗುಳಿಯೇ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿದ್ದ ಕಾಯಿಗಳೆಲ್ಲ ಆಡಿದವನ ಗಳಿಕೆ. ಅಲ್ಲಿಗೆ ಅವನ ಸರದಿ ಮುಗಿಯಿತು.

ಮೊದಲ ಆಟದಲ್ಲಿ ಎಷ್ಟು ಗಳಿಸಬಹುದು? ಗುಳಿಗಳನ್ನು ಸುತ್ತಾಗಿ 1ರಿಂದ 14ರವರೆಗೆ ಎಣಿಸಿಕೊಳ್ಳೋಣ. 1ರಲ್ಲಿರುವ ನಾಲ್ಕು ಕಾಯಿಗಳು 2ರಿಂದ 5ರವರೆಗೆ ಬೀಳುವುವು. ಮುಂದಿನದು 6, ಅದರ ನಾಲ್ಕು 7ರಿಂದ 10ರವರೆಗೆ. ಅನಂತರ 11, ಅದರ ಕೊನೆಯ ಕಾಯಿ ಸುತ್ತಿ ಬಂದು 1ರಲ್ಲಿ ಬೀಳುವುದು. ಈಗ ಎತ್ತಬೇಕಾದ 2ರಲ್ಲಿ ಐದು ಕಾಯಿಗಳಿವೆ. ಅವು 7ರವರೆಗೆ ಹೋಗುವುವು. 8ರ ಐದು 13ರವರೆಗೆ, 14ರ ಐದು 5ರವರೆಗೆ. ಇನ್ನು 6ನೆಯದು. ಒಮ್ಮೆ ಬರಿದಾಗಿದ್ದ ಅದರಲ್ಲಿ ಈಗ ಒಂದೇ ಕಾಯಿ ಇದೆ. ಅದನ್ನು 7ಕ್ಕೆ ಹಾಕಿದರೆ ಮುಂದಿನ 8 ಬರಿದು. 9ರಲ್ಲಿರುವ ಆರು ಕಾಯಿಗಳು ಗಳಿಕೆಯಾದುವು. ವಾಚಕರು 56 ಬೀಜಗಳನ್ನಿಟ್ಟು ಇದನ್ನು ತಾವೇ ಪರೀಕ್ಷಿಸಬಹುದು. ಬೇರೆ ಗುಳಿಯಿಂದ ಆರಂಭಿಸಿದರೆ ಹೆಚ್ಚು ಬಂದೀತೇ? ಬಾರದು. ಮೊದಲಲ್ಲಿ ಎಲ್ಲ ಗುಳಿಗಳೂ ಸಮಾನ, ಸುತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಆದುದರಿಂದ ಎಲ್ಲಿಂದ ಹೊರಟರೂ ದೊರೆಯುವುದು ಆರೇ. ಮೊದಲ ಗುಳಿಯನ್ನು ಆರಿಸಲು ಗಲ್ಲಕ್ಕೆ ಕೈಯಿಟ್ಟು ಯೋಚಿಸುವವರ ಶ್ರಮ ಆ ಸರದಿಯ ಮಟ್ಟಿಗಂತೂ ವ್ಯರ್ಥ. ಎದುರಾಳಿಯ ಸರದಿಗೆ ಈ ಸಮಾನತೆ ಮುರಿದಿರುವುದು. ನಿಜವಾದ ಆಟ ಆಗ ಆರಂಭ.

ಆಟ ಮುಗಿದು ಎಲ್ಲ ಕಾಯಿಗಳೂ ಇಬ್ಬರಿಗೆ ಹಂಚಿಹೋದ ಮೇಲೆ ಎಣಿಕೆ. ಇಲ್ಲಿ ದ್ರವ್ಯನಿತ್ಯತೆಯ ನಿಯಮದಂಥದೇ ಒಂದು ನಿಯಮವಿದೆ: ಕಾಯಿ ಹೊಸದಾಗಿ ಹುಟ್ಟದು, ಇದ್ದುದು ಅಳಿಯದು, ಇಬ್ಬರ ಗಳಿಕೆಯ ಮೊತ್ತ ಯಾವಾಗಲೂ 56. ಒಬ್ಬಳದು 33 ಆದರೆ ಇನ್ನೊಬ್ಬಳದು 23. ಒಬ್ಬಳದು ಬೆಸವಾಗಿ ಇನ್ನೊಬ್ಬಳದು ಸಮವಾಗಿದ್ದರೆ, ಎಣಿಕೆ ತಪ್ಪಿರಬೇಕು, ಇಲ್ಲವೆ ಕಾಯಿಯೊಂದು ಚಾಪೆಯ ಕೆಳಗೆ ಉರುಳಿರಬೇಕು. ತಪ್ಪಿದೆಯೆಂದು ಈ ನಿಯಮ ಹೇಳೀತು. ತಪ್ಪಿದವರು ಯಾರೆಂದು ಹೇಳದು. ಚೆನ್ನೆಯಾಟದ ಜಗಳ ಚಿಕ್ಕ ಮಾತೇನೂ ಅಲ್ಲ. ಸಿರಿಯ ಪಾಡ್ದನದಲ್ಲಿ ಅವಳ ಮೊಮ್ಮಕ್ಕಳಾದ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಈ ಮಣೆಯ ಮುಂದೆಯೇ ಜಗಳವಾಡಿ ಪ್ರಾಣ ಕಳೆದುಕೊಳ್ಳುವರು. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಿಷೇಧ ತುಳುನಾಡಿನಲ್ಲಿ ಉಳಿದುಬಂದಿದೆ.

ಗಳಿಕೆಯನ್ನು ಬರೆದಿಟ್ಟು ಮರೆಯುವಂತಿಲ್ಲ. ಅದೇ ಮುಂದಿನ ಆಟದ ಬಂಡವಾಳ. 33 ಉಳ್ಳವಳು ತನ್ನ ಏಳು ಗುಳಿಗಳನ್ನು ತುಂಬಿ, ಐದು ಕಾಯಿಗಳನ್ನು ಕೈಯಲ್ಲಿ ಉಳಿಸಿಕೊಳ್ಳುವಳು. 23 ಉಳ್ಳವಳು ತುಂಬಬಲ್ಲುದು ಐದು ಗುಳಿಗಳನ್ನು, ಮಿಕ್ಕುದು ಮೂರು. ಅವಳ ಎರಡು ಗುಳಿಗಳು ಆಟದಿಂದ ಹೊರಗೆ. ಇಲ್ಲಿ ಭಾಜಕ ನಾಲ್ಕು ಎಂಬುದೇ ಸ್ವಾರಸ್ಯ. 24 ಇರಲಿ, 27 ಇರಲಿ, ತುಂಬುವುದು ಆರೇ ಗುಳಿ. 28ರಿಂದ 27ಕ್ಕೆ ಇಳಿದರೆ ಮಾತ್ರ, ಒಂದೇ ಕಾಯಿಯ ಸೋಲಿಗೆ ಒಂದು ಗುಳಿಯೇ ಮುಚ್ಚಿಹೋಗುವುದು. ಹಾಗೆಂದು ಮಿಕ್ಕ ಮೂರು ಕಾಯಿಗಳು ನಷ್ಟವೂ ಅಲ್ಲ. ಮುಂದಿನ ಆಟದಲ್ಲಿ ಮಣೆಗಿಟ್ಟುದಕ್ಕಿಂತ ಒಂದೇ ಕಾಯಿಯನ್ನು ಹೆಚ್ಚಾಗಿ ಗಳಿಸಿದರೂ ಆ ಮೂರರೊಡನೆ ಸೇರಿ ಮುಚ್ಚಿದ ಗುಳಿ ಮತ್ತೆ ತೆರೆಯುವುದು. ಕೈಯಲ್ಲಿ ಮೂರೇ ಕಾಯಿ ಉಳಿದು, ಎದುರಿಗೆ 53 ಸೇರಿದಾಗ ತುಂಬಲು ಒಂದು ಗುಳಿಯೂ ಇಲ್ಲ. ಆಗಲೇ ಪೂರ್ತಿ ಸೋಲು. ಅಲ್ಲಿಯವರೆಗೆ ಮಣೆಯನ್ನು ಎತ್ತಿಡುವ ಹಾಗಿಲ್ಲ.