ಅಧ್ಯಾಪಕರ ಸ್ವಯಂನಿವೃತ್ತಿಯೂ ವಿಶ್ರಾಂತಿವೇತನವೂ

ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆ ಹೊಂದಬೇಕೆಂಬ ಯೋಚನೆ ಐವತ್ತರ ಆಸುಪಾಸಿನಲ್ಲಿರುವ ಅನೇಕ ಅಧ್ಯಾಪಕರ ಮನಸ್ಸಿನಲ್ಲಿ ಸುಳಿಯುವುದುಂಟು. ದಿನವೂ ಎರಡು ಮೂರು ಗಂಟೆಗಳ ರೈಲು ಪ್ರಯಾಣ, ಕುಗ್ಗುತ್ತಿರುವ ಆರೋಗ್ಯ, ದೂರದ ಊರಿನಲ್ಲಿ ಒಂಟಿಯಾಗಿ ಉಳಿದ ವೃದ್ಧ ತಾಯಿತಂದೆಗಳು, ಅರ್ಧಕ್ಕೇ ನಿಂತ ಗ್ರಂಥರಚನೆ – ಕಾರಣಗಳು ಹಲವು. ಇಂಥವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ತಮಗಿಂತ ಮುಂಚೆ ನಿವೃತ್ತರಾದ ಹಿರಿಯ ಸಹೋದ್ಯೋಗಿಗಳನ್ನು. “ಇಪ್ಪತ್ತು ವರ್ಷ ತುಂಬಿತಷ್ಟೆ? ಮೂರು ತಿಂಗಳ ಸೂಚನೆ ಕೊಡಿ, ಅರ್ಧ ಸಂಬಳ ಮನೆಗೆ ಬರುತ್ತದೆ” ಎಂಬ ಉತ್ತರ ದೊರೆಯುತ್ತದೆ. ಉತ್ತರ ಕೊಟ್ಟವರ ಮಟ್ಟಿಗೆ ಇದು ಸತ್ಯವೇ. ಆದರೆ ಪ್ರಶ್ನೆ ಕೇಳಿದವರ ಮಟ್ಟಿಗೂ ಸತ್ಯವೇ ಎಂಬುದು ಬೇರೆ ವಿಚಾರ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ವಿವೇಚಿಸುವುದು ಉಚಿತವೆಂದು ತೋರುತ್ತದೆ.

ಅಧ್ಯಾಪಕರಿಗೆ ವಿಶ್ರಾಂತಿವೇತನವು ಅನಾಯಾಸವಾಗಿ ಒದಗಿಬಂದುದಲ್ಲ. ಸರಕಾರಿ ಶಾಲೆಗಳ ಉಪಾಧ್ಯಾಯರಿಗೆ ಈ ಸೌಲಭ್ಯವಿದ್ದ ಕಾಲದಲ್ಲಿಯೂ ಖಾಸಗಿ ಸಂಸ್ಥೆಗಳಲ್ಲಿ ದುಡಿದವರು ಭವಿಷ್ಯನಿಧಿಯ ಅಲ್ಪಮೊತ್ತದೊಡನೆ ಮನೆಗೆ ಹೋಗಬೇಕಾಗಿತ್ತು. ಮದರಾಸು ಪ್ರಾಂತದಲ್ಲಿ 1955ರಲ್ಲಿ ಭವಿಷ್ಯನಿಧಿ, ವಿಮೆ, ವಿಶ್ರಾಂತಿವೇತನ ಈ ಮೂರನ್ನೂ ಕೂಡಿಸಿದ ತ್ರಿವಿಧ ಲಾಭದ ಯೋಜನೆ ಅನುದಾನಿತ ಶಾಲೆಗಳಿಗೆ ಬಂದಿತು. 1964–66ರ ಕೊಠಾರಿ ಆಯೋಗವು ಇಂಥ ಯೋಜನೆ ಎಲ್ಲೆಡೆಯೂ ವ್ಯಾಪಿಸಬೇಕೆಂದು ಶಿಫಾರಸು ಮಾಡಿತು. ವಿಶ್ರಾಂತಿವೇತನವು ಒಡೆಯನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ದೊರೆಯುವ ಹಕ್ಕು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಸ್ಥಾಪಿಸಿತು.

ಈ ತಳಹದಿಯ ಮೇಲೆ ನಿಂತಿರುವ ಹಳೆಯ ಪದ್ಧತಿಯ ಸ್ವರೂಪ ಸರಳವಾದುದು. ಕೇಂದ್ರದ ನಿಯಮಗಳ ಪ್ರಕಾರ ಇಪ್ಪತ್ತು ವರ್ಷಗಳ ಅರ್ಹ ಸೇವೆ ಮುಗಿಸಿದವರು ಮೂರು ತಿಂಗಳ ಸೂಚನೆ ನೀಡಿ ಸ್ವಯಂನಿವೃತ್ತಿ ಪಡೆಯಬಹುದು. ಮಹಾರಾಷ್ಟ್ರದಲ್ಲಿಯೂ 1982ರ ವಿಶ್ರಾಂತಿವೇತನ ನಿಯಮಗಳಲ್ಲಿ ಇದೇ ಅವಕಾಶವಿದೆ. ಮೊದಲು ಪೂರ್ಣ ವೇತನಕ್ಕೆ 33 ವರ್ಷಗಳ ಸೇವೆ ಅವಶ್ಯವಾಗಿತ್ತು. ಆರನೆಯ ವೇತನ ಆಯೋಗದ ತರುವಾಯ ಕೇಂದ್ರದಲ್ಲಿ ಆ ನಿರ್ಬಂಧವು ತೊಲಗಿ, ಇಪ್ಪತ್ತು ವರ್ಷಕ್ಕೇ ಕೊನೆಯ ಮೂಲವೇತನದ ಅರ್ಧಭಾಗ ದೊರೆಯುವಂತಾಯಿತು. ಅದು ನಿವೃತ್ತಿಯ ಮರುದಿನದಿಂದಲೇ ಆರಂಭವಾಗುತ್ತದೆ; ತುಟ್ಟಿಭತ್ಯೆ ಅದರ ಜೊತೆಗೆ ಬೆಳೆಯುತ್ತದೆ; ಮರಣಾನಂತರ ಸಂಗಾತಿಗೆ ಕುಟುಂಬವೇತನ ಸಲ್ಲುತ್ತದೆ. ಹಿರಿಯರ ಮಾತಿನ ಹಿಂದಿರುವುದು ಈ ಅನುಭವ.

ಆದರೆ ಕೇಂದ್ರದಲ್ಲಿ 2004ರ ಜನವರಿ 1ರಿಂದಲೂ ಮಹಾರಾಷ್ಟ್ರದಲ್ಲಿ 2005ರ ನವೆಂಬರ್ 1ರಿಂದಲೂ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ಸೇವೆಗೆ ಸೇರಿದವರಿಗೆ ಈ ಪದ್ಧತಿ ಇಲ್ಲವಾಯಿತು. ಅದರ ಸ್ಥಾನದಲ್ಲಿ ವಂತಿಗೆಯ ಪದ್ಧತಿ ಬಂದಿತು. ಇಲ್ಲಿ ಒಂದು ಕಾಲಗಣನೆಯನ್ನು ವಾಚಕರು ಲಕ್ಷಿಸಬೇಕು. ಕೇಂದ್ರದ ಹೊಸ ತಲೆಮಾರಿನ ಮೊದಲಿಗರಿಗೆ ಇಪ್ಪತ್ತು ವರ್ಷ ತುಂಬಿದುದು 2024ರಲ್ಲಿ; ಮಹಾರಾಷ್ಟ್ರದವರಿಗೆ 2025ರ ಕೊನೆಯಲ್ಲಿ. ಅಂದರೆ ಅದುವರೆಗೆ ಸ್ವಯಂನಿವೃತ್ತಿ ಪಡೆದು ನೆಮ್ಮದಿಯಿಂದಿರುವವರೆಲ್ಲ ಸಾಮಾನ್ಯವಾಗಿ ಹಳೆಯ ಪದ್ಧತಿಯವರೇ. ಹೊಸಬರು ಈಗಷ್ಟೇ ಆ ಬಾಗಿಲಿಗೆ ಬಂದು ನಿಂತಿದ್ದಾರೆ. ಬಾಗಿಲು ಅದೇ, ಸೂಚನೆಯ ಮೂರು ತಿಂಗಳೂ ಅದೇ. ಆದರೆ ಬಾಗಿಲಿನ ಆಚೆ ಇರುವ ದಾರಿ ಅದಲ್ಲ.

ಹೊಸ ಪದ್ಧತಿಯಲ್ಲಿ ನೌಕರನು ವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 10ರಷ್ಟನ್ನೂ ಕೇಂದ್ರ ಸರಕಾರವು 2019ರ ಏಪ್ರಿಲಿನಿಂದ ನೂರಕ್ಕೆ 14ರಷ್ಟನ್ನೂ ಸಲ್ಲಿಸುತ್ತವೆ. ಪೂರ್ಣ ವಯಸ್ಸಿಗೆ ನಿವೃತ್ತನಾದ ಸರಕಾರಿ ನೌಕರನು ಕೂಡಿದ ನಿಧಿಯ ನೂರಕ್ಕೆ 60ರವರೆಗೆ ಒಮ್ಮೆಗೇ ಪಡೆದು, ಕನಿಷ್ಠ 40ರಷ್ಟನ್ನು ವಿಮಾ ಸಂಸ್ಥೆಯ ವರ್ಷಾಶನಕ್ಕೆ ತೊಡಗಿಸಬೇಕು. ಅವಧಿಗೆ ಮೊದಲೇ ಖಾತೆಯನ್ನು ಮುಗಿಸಿ ಹೊರಡುವವನಿಗಾದರೋ ಈ ಪ್ರಮಾಣ ತಲೆಕೆಳಗಾಗುತ್ತದೆ: ಕೈಗೆ ನೂರಕ್ಕೆ 20 ಮಾತ್ರ, ವರ್ಷಾಶನಕ್ಕೆ 80. ತೀರ ಸಣ್ಣ ಮೊತ್ತಗಳಿಗಷ್ಟೇ ವಿನಾಯಿತಿ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಐವತ್ತೊಂದನೆಯ ವಯಸ್ಸಿನಲ್ಲಿ ಹೊರಡುವ ಇಬ್ಬರು ಅಧ್ಯಾಪಕರ ಮೂಲವೇತನ 90,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯ ಪದ್ಧತಿಯವರಿಗೆ ತಿಂಗಳಿಗೆ 45,000 ರೂಪಾಯಿಯೂ ಅದರ ಮೇಲೆ ತುಟ್ಟಿಭತ್ಯೆಯೂ ಬರುವುವು. ಹೊಸ ಪದ್ಧತಿಯವರ ನಿಧಿ 50 ಲಕ್ಷವಾಗಿದ್ದರೆ 10 ಲಕ್ಷ ಕೈಗೆ ಬಂದು 40 ಲಕ್ಷ ವರ್ಷಾಶನಕ್ಕೆ ಹೋಗುವುದು. ನೂರಕ್ಕೆ 6ರ ದರ ದೊರೆಯಿತೆಂದು ಭಾವಿಸಿದರೆ ತಿಂಗಳಿಗೆ 20,000 ರೂಪಾಯಿ; ತುಟ್ಟಿಭತ್ಯೆಯ ಮಾತಿಲ್ಲ. ಇಂದಿನ ಇಪ್ಪತ್ತು ಸಾವಿರ ಎಪ್ಪತ್ತನೆಯ ವಯಸ್ಸಿನಲ್ಲಿಯೂ ಇಪ್ಪತ್ತು ಸಾವಿರವೇ. ಇದು ಕಲ್ಪಿತ ಲೆಕ್ಕವಾದರೂ ವ್ಯತ್ಯಾಸದ ಸ್ವರೂಪವನ್ನು ತೋರಿಸಲು ಸಾಕು.

2025ರ ಏಪ್ರಿಲ್ 1ರಿಂದ ಕೇಂದ್ರ ಸರಕಾರವು ತನ್ನ ನೌಕರರಿಗೆ ಏಕೀಕೃತ ವಿಶ್ರಾಂತಿವೇತನ ಯೋಜನೆಯೆಂಬ ಇನ್ನೊಂದು ಆಯ್ಕೆಯನ್ನು ಒದಗಿಸಿತು. 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧಭಾಗವನ್ನು ಇದು ಖಾತರಿಪಡಿಸುತ್ತದೆ. ಮೇಲ್ನೋಟಕ್ಕೆ ಹಳೆಯ ಪದ್ಧತಿಯೇ ಮರಳಿತೆನ್ನಿಸಿದರೂ ಸ್ವಯಂನಿವೃತ್ತಿಯ ವಿಷಯದಲ್ಲಿ ಒಂದು ಮಹತ್ತ್ವದ ಭೇದವಿದೆ: ಈ ವೇತನವು ಬಿಟ್ಟ ದಿನದಿಂದ ಆರಂಭವಾಗದೆ, ಸೇವೆಯಲ್ಲಿ ಮುಂದುವರಿದಿದ್ದರೆ ಎಂದು ನಿವೃತ್ತಿಯಾಗುತ್ತಿತ್ತೋ ಆ ದಿನದಿಂದ ಆರಂಭವಾಗುತ್ತದೆ. ಐವತ್ತೊಂದಕ್ಕೆ ಹೊರಟು ಅರುವತ್ತರವರೆಗೆ ಕಾಯಬೇಕಾದವರು ಒಂಬತ್ತು ವರ್ಷಗಳ ಸಂಸಾರವನ್ನು ಯಾವುದರಿಂದ ನಡೆಸಬೇಕು ಎಂಬುದೇ ಪ್ರಶ್ನೆ. ಮಕ್ಕಳ ವಿದ್ಯಾಭ್ಯಾಸ, ವಿವಾಹಗಳು ಬಹುಪಾಲು ಬರುವುದು ಆ ಒಂಬತ್ತು ವರ್ಷಗಳಲ್ಲಿಯೇ. ಮೇಲಾಗಿ ಇದು ನೇರ ಸರಕಾರಿ ನೌಕರರಿಗಾಗಿ ರೂಪಿಸಿದ ಯೋಜನೆ. ಸ್ವಾಯತ್ತ ಸಂಸ್ಥೆಗಳ ಅಧ್ಯಾಪಕರು ತಮಗೆ ಅನ್ವಯಿಸುವುದೇ ಎಂಬುದನ್ನು ಲಿಖಿತವಾಗಿಯೇ ತಿಳಿದುಕೊಳ್ಳತಕ್ಕದ್ದು.

ಅನುದಾನವಿಲ್ಲದ ಖಾಸಗಿ ಶಾಲೆಗಳಲ್ಲಿ ದುಡಿಯುವವರ ಆಧಾರ ಇನ್ನೂ ತೆಳುವಾದುದು. ಅವರಿಗೆ ಅನ್ವಯಿಸುವ 1995ರ ನೌಕರರ ವಿಶ್ರಾಂತಿವೇತನ ಯೋಜನೆಯಲ್ಲಿ ಹತ್ತು ವರ್ಷದ ಸೇವೆಯಿದ್ದವರಿಗೆ 58ನೆಯ ವಯಸ್ಸಿನಿಂದ ವೇತನ ಸಲ್ಲುತ್ತದೆ. ಐವತ್ತರ ನಂತರ ಮುಂಚಿತವಾಗಿ ಪಡೆಯಬಹುದಾದರೂ, ಕಡಿಮೆಯಾದ ಪ್ರತಿ ವರ್ಷಕ್ಕೆ ನೂರಕ್ಕೆ 4ರಂತೆ ಕಡಿತವು ಜೀವನಪರ್ಯಂತ ಉಳಿಯುತ್ತದೆ. ಒಂದು ಸಮಾಧಾನವೆಂದರೆ, ಅಧ್ಯಾಪಕರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು 2009ರಲ್ಲಿ ಆದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಆಗಸ್ಟಿನಲ್ಲಿ ಎತ್ತಿಹಿಡಿಯಿತು.

ಅರ್ಜಿಯ ಭಾಷೆಯ ವಿಷಯದಲ್ಲಿಯೂ ಎಚ್ಚರ ಅವಶ್ಯ. ‘ರಾಜೀನಾಮೆ’ ಮತ್ತು ‘ಸ್ವಯಂನಿವೃತ್ತಿ’ ಲೋಕವ್ಯವಹಾರದಲ್ಲಿ ಒಂದೇ ಎನಿಸಬಹುದು. ಕಾನೂನಿನಲ್ಲಿ ಅವು ಎರಡು. ಹಳೆಯ ಪದ್ಧತಿಯವರು ರಾಜೀನಾಮೆಯಿತ್ತರೆ ಹಿಂದಿನ ಸೇವೆಯೆಲ್ಲ ನಷ್ಟವಾಗುತ್ತದೆ. ಯೋಗ್ಯ ಅನುಮತಿಯೊಡನೆ ಬೇರೊಂದು ಸರಕಾರಿ ಹುದ್ದೆಗೆ ಹೋಗುವುದು ಮಾತ್ರ ಇದಕ್ಕೆ ಅಪವಾದ. ಮೂವತ್ತು ವರ್ಷಗಳ ಪರಿಶ್ರಮವನ್ನು ಒಂದು ಪದ ಅಳಿಸಬಲ್ಲದು. ಬೇಸರದ ದಿನ, ಕೋಪದ ಗಳಿಗೆಯಲ್ಲಿ ಬರೆದ ಪತ್ರಗಳಲ್ಲಿ ಈ ಪದವೇ ಮೊದಲು ನುಸುಳುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಹಾಗಾದರೆ ಸೂಚನಾಪತ್ರಕ್ಕೆ ಮುಂಚೆ ಮಾಡತಕ್ಕದ್ದೇನು? ಮೊದಲನೆಯದಾಗಿ, ನೇಮಕದ ದಿನಾಂಕ ಮಾತ್ರವಲ್ಲದೆ ಹುದ್ದೆಯ ಜಾಹೀರಾತಿನ ದಿನಾಂಕವನ್ನೂ ನೋಡಬೇಕು. 2003ರ ಡಿಸೆಂಬರ್ 22ಕ್ಕೆ ಮೊದಲು ಪ್ರಕಟವಾದ ಹುದ್ದೆಗಳಿಗೆ ಸೇರಿದವರಿಗೆ ಹಳೆಯ ಪದ್ಧತಿಗೆ ಮರಳಲು ಕೇಂದ್ರವು 2023ರಲ್ಲಿ ಒಮ್ಮೆ ಅವಕಾಶವಿತ್ತಿತು. ಎರಡನೆಯದಾಗಿ, ಸಂಸ್ಥೆಗೆ ಪೂರ್ಣ ಅನುದಾನ ಬಂದ ವರ್ಷವನ್ನು ತಿಳಿಯಬೇಕು. ಮಹಾರಾಷ್ಟ್ರದಲ್ಲಿ 2005ಕ್ಕೆ ಮೊದಲೇ ಸೇರಿದ್ದರೂ ತಮ್ಮ ಶಾಲೆಗೆ ಅನುದಾನ ತಡವಾಗಿ ದೊರೆತುದರಿಂದ ಹಳೆಯ ವೇತನಕ್ಕಾಗಿ ಹೋರಾಡಬೇಕಾಗಿ ಬಂದ ಅಧ್ಯಾಪಕರು ಬಹುಮಂದಿ. ಮೂರನೆಯದಾಗಿ, ಸೇವಾಪುಸ್ತಕವನ್ನು ಪುಟಪುಟವಾಗಿ ಪರಿಶೀಲಿಸಿ, ವೇತನರಹಿತ ರಜೆ, ಸೇವಾಭಂಗಗಳನ್ನು ಕಳೆದು, ಅರ್ಹ ಸೇವೆ ಎಷ್ಟೆಂದು ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು. ಇಪ್ಪತ್ತು ವರ್ಷಕ್ಕೆ ಒಂದು ತಿಂಗಳು ಕಡಿಮೆಯಾದರೂ ಹಕ್ಕು ಹುಟ್ಟುವುದಿಲ್ಲ.

ಕಾಲೇಜಿನ ಅಧ್ಯಾಪಕರಿಗೆ ಇನ್ನೊಂದು ಮಾತು. ಸಂಶೋಧನೆ ಮುಗಿಸಿ ಮೂವತ್ತೈದರ ಸುಮಾರಿಗೆ ಖಾಯಂ ಆಗುವ ಅವರಿಗೆ ಇಪ್ಪತ್ತು ವರ್ಷ ತುಂಬುವುದು ಐವತ್ತೈದಕ್ಕೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತಿಯ ವಯಸ್ಸು 65. ಆದುದರಿಂದ ಅಲ್ಲಿ ಬೇಗ ಹೊರಡುವವರು ಬಿಟ್ಟುಕೊಡುವುದು ಹತ್ತು ವರ್ಷಗಳ ಸಂಬಳವನ್ನಷ್ಟೇ ಅಲ್ಲ, ಅತ್ಯಧಿಕ ವಂತಿಗೆ ಜಮೆಯಾಗುವ ಹತ್ತು ವರ್ಷಗಳನ್ನು.

ಇಷ್ಟು ಹೇಳಿದುದರಿಂದ ಯಾರೂ ಬೇಗ ನಿವೃತ್ತರಾಗಬಾರದೆಂದು ಅರ್ಥವಲ್ಲ. ಬರೆಯಬೇಕಾದ ಗ್ರಂಥಕ್ಕೂ ಸೇವೆ ಬೇಡುವ ಹಿರಿಯರಿಗೂ ಕಾಲ ಕಾಯುವುದಿಲ್ಲ. ಹೊರಡುವ ಹಕ್ಕು ಎರಡು ತಲೆಮಾರುಗಳಿಗೂ ಸಮಾನವಾಗಿ ಉಳಿದಿದೆ. ಹೊರಟ ಮೇಲಿನ ಆಧಾರ ಮಾತ್ರ ಸಮಾನವಾಗಿಲ್ಲ. ಹಿರಿಯರ ಅನುಭವವನ್ನು ಗೌರವದಿಂದ ಕೇಳೋಣ. ಆದರೆ ಸಹಿ ಹಾಕುವ ಮುನ್ನ ನಮ್ಮ ನೇಮಕಪತ್ರದ ದಿನಾಂಕವನ್ನು ನಾವೇ ಓದಿಕೊಳ್ಳೋಣ.